ಗರುಗದ ಎಣ್ಣೆ ಮನೇಲೇ ಮಾಡೋದು ಹೇಗೆ, ಮತ್ತೆ ಅದರ ನೆಂಟರಲ್ಲಿ ಯಾರನ್ನ ಮುಟ್ಬಾರ್ದು

ಮಳೆ ಬಿದ್ದ ಮೇಲೆ ಗದ್ದೆ ಬದು, ಕಾಲುವೆ ಪಕ್ಕ ಪುಟ್ಟ ಬಿಳಿ ಹೂವಿನ ಗಿಡ ಹರಡ್ಕೊಂಡಿರುತ್ತಲ್ಲ, ಅದೇ ಗರುಗ, ಅಂಗಡಿ ಬಾಟಲಿ ಮೇಲೆ ಭೃಂಗರಾಜ ಅಂತ ಬರೆದಿರ್ತಾರೆ. ಸೇವಂತಿಗೆ, ಸೂರ್ಯಕಾಂತಿ ಕುಟುಂಬದ್ದೇ ಇದು. ತೊಂದ್ರೆ ಏನಂದ್ರೆ ಕಾಂಗ್ರೆಸ್ ಗಿಡಾನೂ ಅದೇ ಕುಟುಂಬ, ಅದಕ್ಕೂ ಪುಟ್ಟ ಬಿಳಿ ಹೂವೇ, ಹಂಗಾಗಿ ಮೊದ್ಲು ಗುರುತು ಹಿಡಿಯೋದು ಕಲೀರಿ.

ಗರುಗದ ಎಲೆ ಉದ್ದಕ್ಕೆ, ಎದುರುಬದುರು ಜೋಡಿಯಾಗಿ, ಮುಟ್ಟಿದ್ರೆ ಒರಟೊರಟು. ಕಾಂಗ್ರೆಸ್ ಎಲೆ ಕ್ಯಾರೆಟ್ ಸೊಪ್ಪಿನ ಥರ ಸೀಳುಸೀಳು. ಇನ್ನೂ ಡೌಟ್ ಇದ್ರೆ ಗ್ಲೌಸ್ ಹಾಕ್ಕೊಂಡು ಎಲೆ ಕಿವುಚಿ ಬಿಡಿ, ಗರುಗದ ರಸ ಸ್ವಲ್ಪ ಹೊತ್ತಲ್ಲೇ ಕಪ್ಪಾಗುತ್ತೆ. ಮೋರಿ ಪಕ್ಕದ್ದು ಮಾತ್ರ ಕೀಳ್ಬೇಡಿ, ಕೊಳಚೆಲಿರೋ ಲೋಹಗಳು ಗಿಡದೊಳಗೂ ಸೇರ್ತವೆ.

ಎಣ್ಣೆಗೆ, ಎರಡು ಹಿಡಿ ಸೊಪ್ಪು ತೊಳೆದು ನೆರಳಲ್ಲಿ ನೀರು ಆರಿಸಿ ರುಬ್ಬಿ, ಕಾಲು ಲೀಟರ್ ಕೊಬ್ಬರಿ ಎಣ್ಣೆಗೆ ಹಾಕಿ ಸಣ್ಣ ಉರೀಲಿ ಕಾಯಿಸ್ತಾ ಇರಿ, ಗುಳ್ಳೆ ಬರೋದು ನಿಲ್ಲೋವರೆಗೂ, ಯಾಕಂದ್ರೆ ಗುಳ್ಳೆ ಅಂದ್ರೆ ಇನ್ನೂ ನೀರಿದೆ ಅಂತ, ನೀರು ಉಳಿದ್ರೆ ಎಣ್ಣೆ ಕೆಡುತ್ತೆ. ಗಸಿ ಕೈಗೆ ಗರಿಗರಿ ಅನ್ನಿಸಿದಾಗ ಇಳಿಸಿ ಸೋಸಿ. ಇದರಲ್ಲಿರೋ ಮುಖ್ಯ ಕೆಮಿಕಲ್ ವೆಡೆಲೊಲ್ಯಾಕ್ಟೋನ್. ಇಲಿಗಳ ಮೇಲೆ ಮಾಡಿದ ಪ್ರಯೋಗದಲ್ಲಿ ಗರುಗದ ಸಾರ ಹಚ್ಚಿದಾಗ ಕೂದಲು ಬೇಗ ಬಂದಿದೆ, ಹಂಗಂತ ಬೋಕುತಲೆ ತುಂಬುತ್ತೆ ಅಂತ ಯಾರಾದ್ರೂ ಹೇಳಿದ್ರೆ ನಂಬೋಕೆ ಹೋಗ್ಬೇಡಿ.

ಈಗ ಕಾಂಗ್ರೆಸ್ ಗಿಡ. ಅದರ ಎಲೆ, ಕಾಂಡದ ಸಣ್ಣ ರೋಮಗಳಲ್ಲಿ ಪಾರ್ಥೆನಿನ್ ಇರುತ್ತೆ, ಸೆಸ್ಕ್ವಿಟರ್ಪೀನ್ ಲ್ಯಾಕ್ಟೋನ್ ಅನ್ನೋ ಗುಂಪಿಂದು. ಇದು ಚರ್ಮದ ಪ್ರೋಟೀನ್‌ಗೆ ಅಂಟ್ಕೊಳ್ಳುತ್ತೆ, ದೇಹ ಅದನ್ನ ಶತ್ರು ಅಂದ್ಕೊಂಡು ಅಲರ್ಜಿ ಶುರು ಮಾಡುತ್ತೆ. ವರ್ಷಗಟ್ಟಲೆ ಏನೂ ಆಗದೇ ಇದ್ದವರಿಗೂ ಒಂದಿನ ಕತ್ತು, ರೆಪ್ಪೆ, ಮೊಣಕೈ ಮಡಿಕೇಲೆಲ್ಲ ತುರಿಕೆ ಏಳಬಹುದು, ಗಾಳೀಲಿ ಬರೋ ಪುಡೀನೇ ಸಾಕು. ಇಂಥ ಅಲರ್ಜಿ ಇರೋರಿಗೆ ಸೇವಂತಿಗೆ ಹೂವೂ ಆಗದೇ ಇರಬಹುದು, ಹಬ್ಬದಲ್ಲಿ ಮಾಲೆ ಕಟ್ಟೋರು ನೆನಪಿಟ್ಕೊಳ್ಳಿ. ಅವರು ಗರುಗದ ಎಣ್ಣೇನೂ ಡಾಕ್ಟರನ್ನ ಕೇಳ್ದೆ ಹಚ್ಬಾರ್ದು. ಉಳಿದೋರು ಮೊದ್ಲು ಮೊಣಕೈ ಒಳಗಡೆ ಒಂದು ಹನಿ ಹಚ್ಚಿ ಎರಡು ದಿನ ನೋಡಿ.

ತಮಾಷೆ ಅಂದ್ರೆ ಮಲೇರಿಯಾ ಔಷಧಿ ಆರ್ಟೆಮಿಸಿನಿನ್ ಕೂಡ ಪಾರ್ಥೆನಿನ್ ಇರೋ ಕೆಮಿಕಲ್ ಗುಂಪಿಂದೇ. ಚೀನಾದ ತೂ ಯೂಯೂ ಅದನ್ನ 1970ರ ದಶಕದಲ್ಲಿ ಈಥರ್ ಬಳಸಿ ಕಡಿಮೆ ಶಾಖದಲ್ಲೇ ತೆಗೆದ್ರು, ಜಾಸ್ತಿ ಬಿಸಿ ಮಾಡಿದ್ರೆ ಗುಣ ಹೋಗ್ತಿತ್ತು, 2015ರಲ್ಲಿ ನೊಬೆಲ್ ಬಂತು. ನಮ್ಮ ಮಾಚಿಪತ್ರೆ ಆರ್ಟೆಮಿಸಿನಿನ್ ಸಿಗೋ ಗಿಡದ ಸೋದರಸಂಬಂಧಿ ಅಷ್ಟೇ, ಜ್ವರ ಬಂದ್ರೆ ಅದರ ಕಷಾಯ ಕುಡೀತಾ ಕೂರ್ಬೇಡಿ.

ಇದೇ ಕುಟುಂಬದ ಇನ್ನೊಂದು ಕಳೆ ಊರಾಲದ ಗಿಡ, ಅದರದ್ದಂತೂ ಕಷಾಯ ಬೇಡವೇ ಬೇಡ, ಲಿವರ್ ಹಾಳುಮಾಡೋ ಪೈರೊಲಿಜಿಡೀನ್ ಆಲ್ಕಲಾಯ್ಡ್ ಇದೆ.

ಕಾಂಗ್ರೆಸ್ ಗಿಡ ಹಿತ್ತಲಲ್ಲಿದ್ರೆ ಹೂ ಬಿಡೋ ಮುಂಚೆ, ತುಂಬುತೋಳು, ಗ್ಲೌಸ್, ಮಾಸ್ಕ್ ಹಾಕ್ಕೊಂಡು ಬೇರುಸಮೇತ ಕಿತ್ತು ಗುಂಡೀಲಿ ಗೊಬ್ಬರಕ್ಕೆ ಹಾಕಿ. ಎಲೆ ಮೇಲೆ ಗೆರೆಗೆರೆ ಇರೋ ಸಣ್ಣ ಜೀರುಂಡೆ ಕಂಡ್ರೆ ಸಾಯಿಸ್ಬೇಡಿ, ಈ ಗಿಡ ತಿನ್ಲಿ ಅಂತಾನೇ ಮೆಕ್ಸಿಕೋದಿಂದ ತಂದು 1984ರಲ್ಲಿ ಬೆಂಗಳೂರಲ್ಲಿ ಬಿಟ್ಟ ಹುಳ ಅದು.