ಹಳೇ ಎಂಜಿನ್ ಊರಿಗೆ ತರುವ ಮುನ್ನ ತೂಕ ತಿಳಿದುಕೊಳ್ಳಿ

ಕಾರಿನ ಎಂಜಿನ್ ಸೀಜ್ ಆಗಿ, ಹೊಸದರ ಬೆಲೆ ಕೇಳಿ ಎದೆ ಧಸಕ್ಕೆಂದವರು ಬೆಂಗಳೂರಿನ ಶಿವಾಜಿನಗರದ ಗುಜರಿ ಅಂಗಡಿಗಳತ್ತ ಹೊರಡುತ್ತಾರೆ. ಎಂಜಿನ್ ಹೇಗೆ ಆರಿಸಬೇಕೆಂದು ಮೆಕ್ಯಾನಿಕ್ ಹೇಳಿಕೊಟ್ಟಿರುತ್ತಾನೆ. ಆರಿಸಿದ್ದನ್ನು ಸಕಲೇಶಪುರಕ್ಕೋ ಪುತ್ತೂರಿಗೋ ಹೇಗೆ ಸಾಗಿಸಬೇಕೆಂದು ಹೇಳುವವರು ಕಡಿಮೆ. ‘ನಾಲ್ಕು ಜನ ಹಿಡಿದರೆ ಆಯ್ತು ಬಿಡಿ ಸಾರ್’ ಎಂಬ ಮಾತು ನಂಬಿ ನಾನು ಲಾರಿಗೆ ಹಾಕಿಸಿದ ಎಂಜಿನ್ ಊರು ತಲುಪುವಷ್ಟರಲ್ಲಿ ಅದರ ಆಯಿಲ್ ಚೇಂಬರ್, ಅಂದರೆ ಎಂಜಿನ್ನಿನ ಅಡಿಯಲ್ಲಿ ಆಯಿಲ್ ನಿಲ್ಲುವ ತೊಟ್ಟಿ, ಒಳಕ್ಕೆ ತಗ್ಗಾಗಿತ್ತು. ಗಮನಿಸದೆ ಕಾರಿಗೆ ಕೂರಿಸಿದೆವು. ಒಂದೇ ವಾರದಲ್ಲಿ ಬೇರಿಂಗ್ ಹೋಯಿತು. ಆ ನಷ್ಟ ಇನ್ನೊಬ್ಬರಿಗೆ ಆಗಬಾರದೆಂದೇ ಇದನ್ನು ಬರೆಯುತ್ತಿದ್ದೇನೆ.

ಉದಾಹರಣೆಗೆ ಸ್ವಿಫ್ಟ್, ಡಿಸೈರ್ ಡೀಸೆಲ್ ಕಾರುಗಳಲ್ಲಿದ್ದ 1,248 ಸಿಸಿಯ ಫಿಯಟ್ ಮೂಲದ ಎಂಜಿನ್ನನ್ನೇ ತೆಗೆದುಕೊಳ್ಳೋಣ. 2020ರ ಏಪ್ರಿಲ್‌ನಿಂದ ಮಾರುತಿ ಡೀಸೆಲ್ ಕಾರುಗಳನ್ನು ನಿಲ್ಲಿಸಿತು. ಆದರೆ ಹಳೆಯ ಕಾರುಗಳು ಇನ್ನೂ ರಸ್ತೆಯಲ್ಲಿವೆ, ಹಾಗಾಗಿ ಈ ಎಂಜಿನ್ನಿಗೆ ಗುಜರಿಯಲ್ಲಿ ಗಿರಾಕಿ ತಪ್ಪುವುದಿಲ್ಲ.

ಮೊದಲು ಅಂದಾಜು

ಈ ಎಂಜಿನ್ನಿನ ಒಣ ತೂಕ ಸುಮಾರು 130 ಕೆ.ಜಿ. ಒಣ ತೂಕವೆಂದರೆ ಆಯಿಲ್, ಕೂಲೆಂಟ್ ಇಲ್ಲದ ತೂಕ. ಗುಜರಿಯವರು ಕೊಡುವ ಎಂಜಿನ್ ಬರೀ ಎಂಜಿನ್ ಆಗಿರುವುದಿಲ್ಲ. ಗೇರ್‌ಬಾಕ್ಸ್ ಸೇರಿದರೆ 35ರಿಂದ 45 ಕೆ.ಜಿ. ಏರುತ್ತದೆ. ಆಲ್ಟರ್ನೇಟರ್, ಸೆಲ್ಫ್ ಮೋಟಾರ್, ಎ.ಸಿ. ಕಂಪ್ರೆಸರ್, ವೈರಿಂಗ್, ಬ್ರಾಕೆಟ್ಟುಗಳು ಇದ್ದರೆ 190ರ ಆಸುಪಾಸು ಹಿಡಿಯಿರಿ. ಚೇಂಬರಿನಲ್ಲಿ ಆಯಿಲ್ ಉಳಿದಿದ್ದರೆ ಲೀಟರಿಗೆ ಒಂದು ಕೆ.ಜಿ.ಗಿಂತ ತುಸು ಕಡಿಮೆ ಕೂಡಿಸಿ.

ಬೇರೆ ಕಾರಿನದಾದರೆ ಬ್ಲಾಕ್ ಯಾವ ಲೋಹದ್ದೆಂದು ನೋಡಿ. ಅಯಸ್ಕಾಂತ ಹಿಡಿದರೆ ಬೀಡುಕಬ್ಬಿಣ, ಹಿಡಿಯದಿದ್ದರೆ ಅಲ್ಯೂಮಿನಿಯಂ. ಅಷ್ಟೇ ಗಾತ್ರದ ಬೀಡುಕಬ್ಬಿಣ ಅಲ್ಯೂಮಿನಿಯಂಗಿಂತ ಎರಡೂವರೆ ಪಟ್ಟಿಗೂ ಹೆಚ್ಚು ತೂಗುತ್ತದೆ. ಹಾಗಾಗಿ ಸಿಸಿ ಒಂದೇ ಇದ್ದ ಮಾತ್ರಕ್ಕೆ ತೂಕವೂ ಒಂದೇ ಎಂದುಕೊಳ್ಳಬೇಡಿ.

ಆಮೇಲೆ ನಿಜವಾದ ತೂಕ

ಗುಜರಿಯಲ್ಲಿ ಎಲ್ಲವೂ ಕಿಲೋ ಲೆಕ್ಕದಲ್ಲಿ ನಡೆಯುವುದರಿಂದ ಅಲ್ಲಿ ಪ್ಲಾಟ್‌ಫಾರ್ಮ್ ತಕ್ಕಡಿ ಇದ್ದೇ ಇರುತ್ತದೆ. ಕೇಳಿದರೆ ತೂಗಿ ಕೊಡುತ್ತಾರೆ. ವೇಬ್ರಿಡ್ಜಿಗೆ ಹೋಗಬೇಡಿ. ಅದು ಟನ್ನುಗಟ್ಟಲೆ ತೂಗಲು ಇರುವುದು, ಐದು ಹತ್ತು ಕಿಲೋ ವ್ಯತ್ಯಾಸ ಅದಕ್ಕೆ ಲೆಕ್ಕಕ್ಕಿಲ್ಲ.

ತಕ್ಕಡಿ ಸಿಗದಿದ್ದರೆ ಮನೆಯಲ್ಲಿ ಮೈತೂಕ ನೋಡುವ ಯಂತ್ರವೇ ಸಾಕು. ಎಂಜಿನ್, ಗೇರ್‌ಬಾಕ್ಸ್ ಎರಡನ್ನೂ ಜೋಡಿಸಿದಂತೆಯೇ ಎರಡು ಆಸರೆಗಳ ಮೇಲೆ ಮಟ್ಟವಾಗಿ ಕೂರಿಸಿ. ಎಂಜಿನ್ ತುದಿಯ ಅಡಿಗೆ ಯಂತ್ರ, ಇನ್ನೊಂದು ತುದಿಗೆ ಅಷ್ಟೇ ಎತ್ತರದ ಮರದ ತುಂಡು. ಅಂಕಿ ಬರೆದುಕೊಳ್ಳಿ. ನಂತರ ಯಂತ್ರವನ್ನು ಗೇರ್‌ಬಾಕ್ಸ್ ಕಡೆಗೆ, ತುಂಡನ್ನು ಎಂಜಿನ್ ಕಡೆಗೆ ಬದಲಿಸಿ. ಎರಡು ಅಂಕಿ ಕೂಡಿದರೆ ಒಟ್ಟು ತೂಕ. ಯಂತ್ರ ಎಷ್ಟು ಕಿಲೋವರೆಗೆ ತಡೆಯುತ್ತದೆಂದು ಮೊದಲೇ ನೋಡಿಕೊಳ್ಳಿ.

ಈ ವಿಧಾನ ನನಗೆ ಇಷ್ಟವಾಗಲು ಇನ್ನೊಂದು ಕಾರಣವಿದೆ. ಭಾರ ಎಲ್ಲಿ ಸಮತೂಗುತ್ತದೆಂಬುದೂ ಇದರಲ್ಲೇ ತಿಳಿಯುತ್ತದೆ. ಎಂಜಿನ್ ಕಡೆ 115, ಗೇರ್‌ಬಾಕ್ಸ್ ಕಡೆ 75, ಆಸರೆಗಳ ನಡುವೆ 80 ಸೆಂ.ಮೀ. ಎಂದುಕೊಳ್ಳಿ. 75ನ್ನು 80ರಿಂದ ಗುಣಿಸಿ ಒಟ್ಟು ತೂಕವಾದ 190ರಿಂದ ಭಾಗಿಸಿ. ಸುಮಾರು 32 ಬರುತ್ತದೆ. ಎಂಜಿನ್ ಕಡೆಯ ಆಸರೆಯಿಂದ 32 ಸೆಂ.ಮೀ. ದೂರದಲ್ಲಿ ಚಾಕ್‌ಪೀಸಿನಿಂದ ಗೆರೆ ಎಳೆಯಿರಿ. ಎತ್ತುವಾಗ ಚೈನ್ ಬ್ಲಾಕಿನ (ಸರಪಳಿ ಎಳೆದು ಭಾರ ಎತ್ತುವ ರಾಟೆ) ಕೊಕ್ಕೆ ಈ ಗೆರೆಯ ನೇರ ಮೇಲಕ್ಕೆ ಬರಬೇಕು. ಇಲ್ಲದಿದ್ದರೆ ನೆಲ ಬಿಟ್ಟ ಕೂಡಲೇ ಎಂಜಿನ್ ಓಲಾಡಿ ಒಂದು ಕಡೆ ಕುಸಿಯುತ್ತದೆ, ಹತ್ತಿರ ಇದ್ದವರ ಬೆರಳಿಗೆ ಅಪಾಯ.

ಎತ್ತುವುದು, ಇಳಿಸುವುದು

ಸರಪಳಿಯನ್ನು ಕಂಪನಿಯವರೇ ಕೊಟ್ಟಿರುವ ಎತ್ತುವ ಕಣ್ಣುಗಳಿಗೆ ಹಾಕಿ. ಗಾಳಿ ಒಳಗೊಯ್ಯುವ ಪ್ಲಾಸ್ಟಿಕ್ ಮ್ಯಾನಿಫೋಲ್ಡಿಗೆ, ಆಲ್ಟರ್ನೇಟರಿನ ಬ್ರಾಕೆಟ್ಟಿಗೆ ಬೇಡ. ಎರಡು ಕವಲಿನ ಸರಪಳಿ ಎಷ್ಟು ಅಗಲವಾಗಿ ಚಾಚಿದರೆ ಅಷ್ಟು ಎಳೆತ ಹೆಚ್ಚು. ನೆಲಕ್ಕೆ 60 ಡಿಗ್ರಿಯಲ್ಲಿದ್ದರೆ 190 ಕೆ.ಜಿ.ಗೆ ಒಂದೊಂದು ಕವಲಿನ ಮೇಲೆ ಸುಮಾರು 110 ಕೆ.ಜಿ. ಎಳೆತ. 30 ಡಿಗ್ರಿಗೆ ಇಳಿದರೆ ಒಂದೊಂದರ ಮೇಲೂ ಪೂರ್ತಿ 190. ನೇತಾಡುತ್ತಿರುವ ಎಂಜಿನ್ನಿನ ಅಡಿಗೆ ಕೈ ಹಾಕಬೇಡಿ, ಕಾಲೂ ಚಾಚಬೇಡಿ.

ಹಳೇ ಎಂಜಿನ್ನುಗಳು ಹಾಳಾಗುವುದು ಹೆಚ್ಚಾಗಿ ಇಳಿಸುವಾಗ. ಚೇಂಬರ್ ಭಾರ ಹೊರುವ ಭಾಗವಲ್ಲ. ತಗಡಿನದಾದರೆ ತಗ್ಗಾಗುತ್ತದೆ, ಅಲ್ಯೂಮಿನಿಯಂನದಾದರೆ ಬಿರುಕು ಬಿಡುತ್ತದೆ. ಒಳಗೆ ಆಯಿಲ್ ಹೀರುವ ಸ್ಟ್ರೇನರ್ ಇರುವುದು ಚೇಂಬರಿನ ತಳಕ್ಕೆ ತೀರ ಹತ್ತಿರ. ತಳ ಮೇಲೆದ್ದರೆ ಸ್ಟ್ರೇನರಿನ ಬಾಯಿ ಕಟ್ಟುತ್ತದೆ, ಆಯಿಲ್ ಮೇಲೇರುವುದಿಲ್ಲ. ನನಗಾದದ್ದು ಇದೇ. ಹಾಗಾಗಿ ಬ್ಲಾಕಿನ ಅಂಚು ಮತ್ತು ಗೇರ್‌ಬಾಕ್ಸ್ ಹೌಸಿಂಗ್ ಭಾರ ಹೊರುವಂತೆ ದಪ್ಪ ಮರದ ತುಂಡುಗಳ ಚೌಕಟ್ಟು ಹೊಡೆಸಿ, ಚೇಂಬರ್ ನಡುವೆ ತೂಗಾಡುವಂತಿರಲಿ. ಚೇಂಬರಿನ ಕೆಳಗೆ ಎರಡು ಬೆರಳು ಸಲೀಸಾಗಿ ತೂರಿದರೆ ಸರಿ. ಹಳೇ ಟಯರಿನ ಮೇಲೆ ಕೂರಿಸುವುದು ಅಂಗಡಿಯಂಗಳಕ್ಕೆ ಸಾಕು, ಘಾಟಿಯ ತಿರುವುಗಳಿಗೆ ಸಾಲದು.

ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ಬೇರ್ಪಡಿಸುವುದಾದರೆ ಪೂರ್ತಿ ಬೇರ್ಪಡಿಸಿ. ಅರ್ಧ ಬೋಲ್ಟ್ ಬಿಚ್ಚಿ ಗೇರ್‌ಬಾಕ್ಸಿನ ಭಾರ ಇನ್‌ಪುಟ್ ಶಾಫ್ಟಿನ ಮೇಲೆ ಜೋತರೆ ಕ್ಲಚ್ ಪ್ಲೇಟ್ ಸೊಟ್ಟಗಾಗುತ್ತದೆ. ಆಟೊಮ್ಯಾಟಿಕ್ ಆಗಿದ್ದರೆ ಟಾರ್ಕ್ ಕನ್ವರ್ಟರ್ ಹೊರಗೆ ಜಾರದಂತೆ ಅಡ್ಡಪಟ್ಟಿ ಕಟ್ಟಿ.

ಹೊರಡುವ ಮೊದಲು ಆಯಿಲ್, ಕೂಲೆಂಟ್ ಬಸಿದು ಡಬ್ಬಿಗೆ ತುಂಬಿಸಿ, ಚರಂಡಿಗೆ ಬಿಡಬೇಡಿ. ಗಾಳಿಯ ಬಾಯಿ, ಡೀಸೆಲ್ ಪೈಪಿನ ತುದಿಗಳನ್ನು ಅಗಲವಾದ ಟೇಪಿನಿಂದ ಮುಚ್ಚಿ. ಬಟ್ಟೆ ತುರುಕಿದರೆ ಕೂರಿಸುವ ದಿನ ಮರೆತು ಒಳಗೇ ಉಳಿಯುತ್ತದೆ. ಮಳೆಗಾಲವಾದರೆ ಟಾರ್ಪಲ್ ಕಡ್ಡಾಯ.

ವಾಹನದಲ್ಲಿ

ಎಂಜಿನ್ನನ್ನು ಕಾರಿನ ಡಿಕ್ಕಿಯಲ್ಲಿ ಹಾಕಿಕೊಂಡು ಬರುವ ಆಲೋಚನೆ ಬಿಡಿ. ಜೋರಾಗಿ ಬ್ರೇಕ್ ಒತ್ತಿದಾಗ 190 ಕೆ.ಜಿ. ವಸ್ತು ಸುಮಾರು 150 ಕೆ.ಜಿ.ಯಷ್ಟು ಬಲದಿಂದ ಮುಂದಕ್ಕೆ ನುಗ್ಗುತ್ತದೆ, ಮುಂದೆ ಇರುವುದು ನಿಮ್ಮ ಬೆನ್ನು. ಟಾಟಾ ಏಸ್‌ನಂಥ ಗಾಡಿಗೆ ಈ ಭಾರ ದೊಡ್ಡದಲ್ಲ. ಚೌಕಟ್ಟನ್ನು ಕ್ಯಾಬಿನ್ ಹಿಂದಿನ ಗೋಡೆಗೆ ಒತ್ತಿ ಇಡಿ, ನಾಲ್ಕು ಮೂಲೆಗೂ ರಾಚೆಟ್ ಬೆಲ್ಟ್ ಬಿಗಿಯಿರಿ. ಹತ್ತು ಹದಿನೈದು ಕಿಲೋಮೀಟರ್ ಹೋದ ಮೇಲೆ ಗಾಡಿ ನಿಲ್ಲಿಸಿ ಇನ್ನೊಮ್ಮೆ ಬಿಗಿಯಿರಿ. ಶಿರಾಡಿ ಘಾಟಿ ಇಳಿಯುವ ಮೊದಲೂ ಅಷ್ಟೇ.

ಪಾರ್ಸೆಲ್ ಕಳಿಸುವುದಾದರೆ ಚೌಕಟ್ಟಿನ ಮೇಲೆ ತೂಕ, ಮೇಲ್ಮುಖದ ಬಾಣ ದಪ್ಪಗೆ ಬರೆಸಿ. ಹಮಾಲರಿಗೆ ಆ ಅಂಕಿ ಕಂಡರೆ ಎಷ್ಟು ಜನ ಬೇಕೆಂದು ಅವರೇ ನಿರ್ಧರಿಸುತ್ತಾರೆ. ಲಾರಿ ಆಫೀಸಿನವರು ಕೊಡುವ ಎಲ್‌ಆರ್ ರಸೀದಿಯಲ್ಲೂ ಅದೇ ತೂಕ ಬರೆಸಿ.

ಅಂಗಡಿಯ ಬಿಲ್ಲಿನಲ್ಲಿ ಎಂಜಿನ್ ನಂಬರ್ ಇರಲೇಬೇಕು, ಬ್ಲಾಕಿನ ಮೇಲೆ ಕೊರೆದಿರುವ ನಂಬರಿಗೆ ಅದು ತಾಳೆಯಾಗಬೇಕು. ಆರ್‌ಸಿಯಲ್ಲಿ ನಂಬರ್ ಬದಲಿಸಲು ಆರ್‌ಟಿಒ ಕಚೇರಿಯಲ್ಲಿ ಕೇಳುವುದು ಇದನ್ನೇ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಎಂಜಿನ್ ಬದಲಾಯಿಸಿದ 14 ದಿನಗಳೊಳಗೆ ಅಲ್ಲಿ ತಿಳಿಸಬೇಕು.

ಮನೆಯ ಮುಂದೆ ಗಾಡಿ ನಿಲ್ಲುವ ಮೊದಲೇ ಚೈನ್ ಬ್ಲಾಕ್, ಅದನ್ನು ಕಟ್ಟುವ ಗಟ್ಟಿ ತೊಲೆ ಸಿದ್ಧವಿರಲಿ. ಇಳಿಸಿದ ಮೇಲೆ, ಕಾರಿಗೆ ಕೂರಿಸುವ ಮೊದಲು, ಚೇಂಬರಿನ ತಳವನ್ನು ಟಾರ್ಚ್ ಹಿಡಿದು ನೋಡಿ, ಕೈಯಲ್ಲಿ ಸವರಿ. ತಗ್ಗು ಸಿಕ್ಕರೆ ಚೇಂಬರ್ ಬಿಚ್ಚಿಸಿ ಸ್ಟ್ರೇನರ್ ನೋಡಿಸಿ.