ಅಡಿಕೆ ತೋಟದಲ್ಲಿ ಆರ್‌ಎಸ್-485 ಲೈನ್ ಎಳೆದದ್ದು: ನನ್ನ ಅನುಭವ

ನಮ್ಮ ತೋಟ ಬದಿಯಡ್ಕದ ಹತ್ರ. ಟ್ಯಾಂಕಿ ಗುಡ್ಡೆ ಮೇಲೆ, ಪಂಪ್ ಶೆಡ್ ಕೆಳಗೆ ತೋಡಿನ ಬದಿಯಲ್ಲಿ, ನಡುವೆ ಸುಮಾರು 400 ಮೀಟರ್. ಟ್ಯಾಂಕಿಯಲ್ಲಿ ನೀರೆಷ್ಟುಂಟು ಅಂತ ಶೆಡ್ಡಿಗೆ ಗೊತ್ತಾಗ್ಬೇಕು, ದಾರಿಯಲ್ಲಿ ಎರಡು ಕಡೆ ಸ್ಪ್ರಿಂಕ್ಲರ್ ವಾಲ್ವ್ ತೆರೀಬೇಕು. ವೈಫೈ ಅಷ್ಟು ದೂರ ಮುಟ್ಟುದಿಲ್ಲ, ಆರ್ಡುಯಿನೋದ (ಸಣ್ಣ ಕಂಟ್ರೋಲರ್ ಬೋರ್ಡ್) ಸೀರಿಯಲ್ ಪಿನ್ನಿಂದ ನೇರ ವೈರ್ ಎಳೆಯುವ ದೂರವೂ ಅಲ್ಲ, ಹಾಗಾಗಿ ಆರ್‌ಎಸ್-485 ಮಾಡಿದೆ, ಅಂದ್ರೆ ವೈರಿನಲ್ಲಿ ದೂರಕ್ಕೆ ಡೇಟಾ ಕಳಿಸುವ ಒಂದು ಪದ್ಧತಿ.

ಇದರಲ್ಲಿ ಎ, ಬಿ ಅಂತ ಎರಡು ವೈರ್. ರಿಸೀವರ್ ನೋಡುದು ಎರಡರ ವ್ಯತ್ಯಾಸ ಮಾತ್ರ, 200 ಮಿಲಿವೋಲ್ಟ್ ಇದ್ರೆ ಸಾಕು. ಒಂದಕ್ಕೊಂದು ಹೊಸೆದ ಜೋಡಿ ಆದ್ದರಿಂದ ಮೋಟರಿನ ನಾಯ್ಸ್ ಎರಡರ ಮೇಲೂ ಹೆಚ್ಚುಕಡಿಮೆ ಒಂದೇ ಥರ ಬೀಳ್ತದೆ, ವ್ಯತ್ಯಾಸದಲ್ಲಿ ಅದು ಕಾಣುದೇ ಇಲ್ಲ. ಸ್ಪೀಡ್ ಕಮ್ಮಿ ಇಟ್ರೆ 1200 ಮೀಟರ್ ವರೆಗೂ ಓಡ್ತದೆ, ನಾನು ಇಟ್ಟದ್ದು ಸೆಕೆಂಡಿಗೆ 9600 ಬಿಟ್. ಕೇಬಲ್ ಔಟ್‌ಡೋರ್ ಕ್ಯಾಟ್5, ಒಂದು ಜೋಡಿ ಡೇಟಾಕ್ಕೆ, ಇನ್ನೊಂದು ಜೋಡಿ ಗ್ರೌಂಡಿಗೆ. ಎರಡೇ ವೈರ್ ಸಾಕು ಅಂತ ಹೇಳುವವರುಂಟು, ಆದ್ರೆ ಗುಡ್ಡೆ ಮೇಲಿನದ್ದಕ್ಕೂ ಶೆಡ್ಡಿನದ್ದಕ್ಕೂ ಸಪ್ಲೈ ಬೇರೆ ಬೇರೆ, ರಿಸೀವರ್ ಚಿಪ್ ತನ್ನ ಗ್ರೌಂಡಿಗೆ ಹೋಲಿಸಿದ್ರೆ ತಡ್ಕೊಳ್ಳುದು ಮೈನಸ್ 7ರಿಂದ ಪ್ಲಸ್ 12 ವೋಲ್ಟ್ ವರೆಗೆ ಮಾತ್ರ, ಗ್ರೌಂಡ್ ಎಳೆಯದೆ ಇರ್ಬೇಡಿ.

ಎಲ್ಲಕ್ಕಿಂತ ಮುಖ್ಯ ರೆಸಿಸ್ಟರ್. ಸಿಗ್ನಲ್ ತುದಿಗೆ ಬಡಿದು ವಾಪಸ್ ಬಾರದ ಹಾಗೆ ಲೈನಿನ ಎರಡು ತುದಿಯಲ್ಲಿ ಮಾತ್ರ 120 ಓಮ್ ಬೇಕು, ಆದ್ರೆ ಅಂಗಡಿಯಲ್ಲಿ ಸಿಗುವ ಮ್ಯಾಕ್ಸ್485 ಮಾಡ್ಯೂಲಿನಲ್ಲಿ (ಆರ್ಡುಯಿನೋವನ್ನು ಈ ಲೈನಿಗೆ ಜೋಡಿಸುವ ಸಣ್ಣ ಬೋರ್ಡ್) ಅದು ಮೊದ್ಲೇ ಕೂತಿರ್ತದೆ, ನಾಲ್ಕು ಮಾಡ್ಯೂಲ್ ಸೇರಿಸಿದ್ರೆ ಎಲ್ಲ ಪ್ಯಾರಲಲ್ ಆಗಿ 30 ಓಮ್, ಡ್ರೈವರಿಗೆ ಅಷ್ಟು ಲೋಡ್ ಜಾಸ್ತಿ. ನಡುವಿನ ಎರಡರಿಂದ ಅದನ್ನು ಸೋಲ್ಡರಿಂಗ್ ಐರನ್‌ನಲ್ಲಿ ಕಿತ್ತೆ. ಪವರ್ ಆಫ್ ಮಾಡಿ ಎ-ಬಿ ನಡುವೆ ಮೀಟರ್ ಇಟ್ರೆ 60 ಓಮ್ ಹತ್ರ ತೋರಿಸ್ಬೇಕು, ಕೇಬಲಿನದ್ದು ಸ್ವಲ್ಪ ಸೇರ್ತದೆ. ಯಾರೂ ಮಾತಾಡದಿರುವಾಗ ಲೈನಿನ ವೋಲ್ಟೇಜ್ ಯಾವ ಕಡೆಗೂ ನಿಲ್ಲದೆ ತೇಲಿ ಕಸ ಬೈಟ್ (ಅರ್ಥವಿಲ್ಲದ ಡೇಟಾ) ಬರ್ತದೆ, ಅದಕ್ಕೆ ಶೆಡ್ಡಿನಲ್ಲಿ ಎ-ಯಿಂದ 5 ವೋಲ್ಟಿಗೆ, ಬಿ-ಯಿಂದ ಗ್ರೌಂಡಿಗೆ ಒಂದೊಂದು 560 ಓಮ್ ಕೊಟ್ಟೆ, ಅದೂ ಒಂದೇ ಕಡೆ.

ವೈರ್ ಒಂದು ಬಾಕ್ಸಿಂದ ಇನ್ನೊಂದಕ್ಕೆ ಸಾಲಾಗಿ ಹೋಗ್ಬೇಕು, ನಕ್ಷತ್ರದ ಹಾಗೆ ಕವಲು ಒಡೀಬಾರ್ದು. ಕೋಡಿನಲ್ಲಿ ಡಿಇ ಪಿನ್ (ಮಾಡ್ಯೂಲ್ ಡೇಟಾ ಕಳಿಸುದನ್ನು ಆನ್-ಆಫ್ ಮಾಡುವ ಪಿನ್) ಇಳಿಸುವ ಮೊದ್ಲು ಸೀರಿಯಲ್ ಫ್ಲಶ್ ಕರೀರಿ, ಅದು ಎಲ್ಲ ಬೈಟ್ ಹೋಗುವವರೆಗೆ ಕಾಯ್ತದೆ, ಇಲ್ಲದಿದ್ರೆ ಕೊನೆಯ ಬೈಟ್ ಅರ್ಧಕ್ಕೆ ಕಟ್.

ತುಲಾ ತಿಂಗಳ ಗುಡುಗು ಸಿಡಿಲು ನಮ್ಮಲ್ಲಿ ಜೋರು. ಎರಡು ತುದಿಗೂ ಎಸ್‌ಎಂ712 (ವೋಲ್ಟೇಜ್ ಒಮ್ಮೆಲೇ ಏರಿದ್ರೆ, ಅಂದ್ರೆ ಸರ್ಜ್ ಬಂದ್ರೆ, ತಡೆಯುವ ಡಯೋಡ್) ಹಾಕಿದ್ದೇನೆ, ಅದು ಸಣ್ಣ ಸರ್ಜಿಗೆ ಸಾಕು, ನೇರ ಸಿಡಿಲಿಗೆ ಅಲ್ಲ. ಹಾಗಾಗಿ ಮೋಡ ಕಟ್ಟಿದ್ರೆ ಕೇಬಲ್ ಕನೆಕ್ಟರ್ ತೆಗೆದಿಡುದು, ಒಂದು ಸ್ಪೇರ್ ಮಾಡ್ಯೂಲ್ ಶೆಡ್ಡಿನಲ್ಲೇ ಇಟ್ಟಿದ್ದೇನೆ.