ಹಾಸಿಗೆ ಹಿಡಿದವರ ಬಾಯಿಯ ಆರೈಕೆ

ನುಂಗಲು ಕಷ್ಟಪಡುವ ರೋಗಿಯ ಬಾಯಿಯನ್ನು ಸ್ವಚ್ಛಗೊಳಿಸುವ ಮುನ್ನ ಅವರನ್ನು ಒರಗಿಸಿ ಕೂರಿಸಬೇಕು. ಅದು ಸಾಧ್ಯವಾಗದಿದ್ದರೆ ಒಂದು ಮಗ್ಗುಲಿಗೆ ತಿರುಗಿಸಬೇಕು, ಏಕೆಂದರೆ ಬ್ಯಾಕ್ಟೀರಿಯಾ ಬೆರೆತ ಜೊಲ್ಲು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಉಂಟಾಗಬಹುದು. ಮೃದುವಾದ ಬ್ರಷ್‌ಗೆ ಫ್ಲೋರೈಡ್ ಪೇಸ್ಟನ್ನು ಬಟಾಣಿ ಕಾಳಿನಷ್ಟು ಮಾತ್ರ ಹಚ್ಚಿ (ನೊರೆ ಬಾರದ ಪೇಸ್ಟ್ ಸಿಕ್ಕರೆ ಇನ್ನೂ ಒಳಿತು), ದಿನಕ್ಕೆ 2 ಬಾರಿ ಹಲ್ಲು ಮತ್ತು ಒಸಡು ಸೇರುವ ಅಂಚನ್ನು ನಿಧಾನವಾಗಿ ಉಜ್ಜಿ, ಉಳಿದದ್ದನ್ನು ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು. ಕಟ್ಟುಹಲ್ಲನ್ನು ರಾತ್ರಿ ತೆಗೆದು, ಉಜ್ಜಿ, ನೀರಿನಲ್ಲಿಡಬೇಕು. ಅನೇಕ ಔಷಧಿಗಳು ಬಾಯಿಯನ್ನು ಒಣಗಿಸುವುದರಿಂದ ತುಟಿ, ನಾಲಿಗೆಗಳನ್ನು ಆಗಾಗ ತೇವಗೊಳಿಸುವುದು ಅಗತ್ಯ. ಮರೆವಿನ ಕಾಯಿಲೆಯುಳ್ಳವರು ಹಲ್ಲುನೋವನ್ನು ಹೇಳಿಕೊಳ್ಳಲಾರದೆ ಊಟವನ್ನು ನಿರಾಕರಿಸಬಹುದು ಅಥವಾ ಕೆನ್ನೆಯನ್ನು ಪದೇ ಪದೇ ಮುಟ್ಟಿಕೊಳ್ಳಬಹುದು. ಇದನ್ನು ಹಟವೆಂದು ತಳ್ಳಿಹಾಕಬಾರದು. 2 ವಾರಗಳಾದರೂ ಮಾಯದ ಹುಣ್ಣನ್ನು ದಂತವೈದ್ಯರಿಗೆ ತೋರಿಸಬೇಕು.